ನಳಿಗೆಯ ಅಡಿಯ ಅಕ್ಷರಗಳು

ಹೋದ ವರ್ಷ ಖಂಡೇನವಮಿಯ ದಿನ ರೋಣದಿಂದ ನರಗುಂದದ ಕಡೆ ಹೋಗುವ ದಾರಿಯ ಒಂದು ಊರಿನಲ್ಲಿ, ಗೌಡರ ವಾಡೆಯಲ್ಲಿದ್ದೆ. ದೇವರ ಮನೆಯ ಮುಂದೆ ಕಂಬಳಿ ಹಾಸಿ ಅದರ ಮೇಲೆ ಕುಡಗೋಲು, ಕೊಡಲಿ, ಕೂರಿಗೆಯ ತಾಳು, ಟ್ರ್ಯಾಕ್ಟರಿನ ಸ್ಪ್ಯಾನರು, ತುಕ್ಕು ಹಿಡಿದ ಒಂದು ಕತ್ತಿ, ಎಲ್ಲವನ್ನೂ ಸಾಲಾಗಿ ಇಟ್ಟಿದ್ದರು. ಸಾಲಿನ ತುದಿಗೆ ಒಂದು ಜೋಡುನಳಿಗೆ ಬಂದೂಕು. ಅದಕ್ಕೆ ಭಂಡಾರ ಹಚ್ಚಿ, ಚೆಂಡು ಹೂವಿನ ಮಾಲೆ ಹಾಕಿದ್ದರು. ಪೂಜೆ ಮುಗಿದು ಹೋಳಿಗೆ ಊಟವಾದ ಮೇಲೆ ಗೌಡರು ಅದನ್ನು ಎತ್ತಿ ನನ್ನ ಕೈಗೆ ಕೊಟ್ಟರು.

"ನೋಡ್ರಿ ಸರ, ಇದು ಬಾಬಾಸಾಹೇಬ್ರ ದಂಡಿನ್ಯಾಗಿನ ಬಂದೂಕು. ನಮ್ಮ ಮುತ್ತಜ್ಜ ನರಗುಂದದ ಗುಡ್ಡದ ಮ್ಯಾಲಿಂದ ತಂದಾನು ಅಂತ ನಮ್ಮಜ್ಜ ಹೇಳತಿದ್ದ."

ಈ ಸೀಮೆಯಲ್ಲಿ ಇಂಥ ಮಾತು ಕೇಳಿದ್ದು ಅದೇ ಮೊದಲಲ್ಲ. ಹಳೆಯ ಬಂದೂಕುಗಳ ಹುಚ್ಚು ನನಗೆ ಬಹಳ ವರ್ಷಗಳಿಂದ ಇದೆ. ಕೊಳ್ಳುವ ಹುಚ್ಚಲ್ಲ, ಓದುವ ಹುಚ್ಚು. ಬಂದೂಕನ್ನು ಓದಬಹುದು. ಶಾಸನ ಓದುವವರು ಕಲ್ಲಿಗೆ ಸುಣ್ಣ ಹಚ್ಚಿ ಅಕ್ಷರ ಬಿಡಿಸುವಂತೆ, ಇಲ್ಲಿ ಎಣ್ಣೆ ಬಟ್ಟೆಯಿಂದ ನಳಿಗೆಯ ಬುಡ ಒರೆಸಿ ಅಕ್ಷರ ಬಿಡಿಸಬೇಕು.

ಮೊದಲ ಕೆಲಸ, ಎಷ್ಟೇ ಹಳೆಯದಾಗಿರಲಿ, ಎಷ್ಟು ಸಲ ಪೂಜೆ ಮಾಡಿಸಿಕೊಂಡಿರಲಿ, ತೆರೆದು ಒಳಗೆ ತೋಟಾ ಇಲ್ಲ ಎಂದು ಖಾತ್ರಿ ಮಾಡಿಕೊಳ್ಳುವುದು. ಬಾಯಿಂದ ಮದ್ದು ತುಂಬುವ ಬಂದೂಕಾದರೆ ಗಜವನ್ನು ನಳಿಗೆಯೊಳಗೆ ಇಳಿಬಿಟ್ಟು, ಅದು ಬುಡದವರೆಗೆ ಹೋಗುತ್ತದೋ ನಡುವೆ ಎಲ್ಲೋ ನಿಲ್ಲುತ್ತದೋ ಹೊರಗಿನಿಂದ ಅಳೆದು ನೋಡಬೇಕು. ನಡುವೆ ನಿಂತರೆ ಒಳಗೆ ಹಳೆಯ ಬಾರು ಇನ್ನೂ ಕೂತಿರಬಹುದು. ಅಲ್ಲಿಗೆ ಕೈ ತೆಗೆದು, ತಿಳಿದವರನ್ನು ಕರೆಸಬೇಕು.

ಗೌಡರದ್ದು ಮಧ್ಯದಲ್ಲಿ ಮಡಿಚಿ ತೆರೆಯುವ ಬಂದೂಕು. ಮೇಲೆ ಎರಡು ಕುದುರೆಗಳು ಕಿವಿಯೆತ್ತಿ ನಿಂತಿದ್ದವು. ಕುದುರೆ ಎಂದರೆ ಟ್ರಿಗರ್ ಒತ್ತಿದಾಗ ಎರಗಿ ಬೀಳುವ ಆ ಕೊಕ್ಕೆ. ಹೊರಗೆ ಕುದುರೆ ಕಂಡರೆ ಬಂದೂಕು ಹಳೆಯದು ಎಂಬ ಮೊದಲ ಸುಳಿವು ಸಿಕ್ಕಂತೆ. 1875ರಲ್ಲಿ ಬರ್ಮಿಂಗ್‌ಹ್ಯಾಮಿನ ವೆಸ್ಟ್ಲಿ ರಿಚರ್ಡ್ಸ್ ಕಂಪನಿಯಲ್ಲಿ ಆನ್ಸನ್ ಮತ್ತು ಡೀಲಿ ಎಂಬ ಇಬ್ಬರು ಕುದುರೆಯನ್ನೇ ಪೆಟ್ಟಿಗೆಯೊಳಗೆ ಅಡಗಿಸುವ ಕೀಲು ಕಂಡುಹಿಡಿದರು. ಆಮೇಲೆ ನಿಧಾನವಾಗಿ ಕುದುರೆಗಳು ಕಣ್ಮರೆಯಾದವು. ಸುಳಿವು ಅಷ್ಟೇ, ಸಾಕ್ಷಿಯಲ್ಲ. ಕುದುರೆ ಹೊರಗಿರುವ ಬಂದೂಕುಗಳನ್ನು ಆಮೇಲೂ ಎಷ್ಟೋ ವರ್ಷ ಮಾಡಿದ್ದಾರೆ.

ಎರಡು ನಳಿಗೆಗಳ ನಡುವಿನ ಪಟ್ಟಿಯ ಮೇಲೆ ಒಂದು ಇಂಗ್ಲಿಷ್ ಹೆಸರು ಇತ್ತು, ಅರ್ಧ ಸವೆದಿತ್ತು. ಮಂದಿ ಮೊದಲು ನೋಡುವುದು ಇದನ್ನೇ, ಮೋಸ ಹೋಗುವುದೂ ಇಲ್ಲೇ. ಪಟ್ಟಿಯ ಮೇಲಿನ ಹೆಸರು ಎಷ್ಟೋ ಸಲ ಮಾಡಿದವನದಲ್ಲ, ಮಾರಿದವನದು. ಕಲ್ಕತ್ತೆಯ ಮ್ಯಾಂಟನ್, ರೋಡಾ, ಮದರಾಸಿನ ಪಿ. ಓರ್ ಅಂಥ ಅಂಗಡಿಗಳು ವಿಲಾಯತಿಯಿಂದ ಮಾಲು ತರಿಸಿ ತಮ್ಮ ಹೆಸರು ಕೆತ್ತಿಸಿ ಮಾರುತ್ತಿದ್ದವು. ಇನ್ನೊಂದು ಜಾತಿ ಇದೆ. ಬೆಲ್ಜಿಯಮ್ಮಿನ ಲೀಜ್ ಪಟ್ಟಣದಲ್ಲಿ ಅಗ್ಗವಾಗಿ ಮಾಡಿ, ಹೆಸರಾಂತ ಇಂಗ್ಲಿಷ್ ಕಂಪನಿಯ ಹೆಸರನ್ನು ಒಂದೆರಡು ಅಕ್ಷರ ಬದಲಿಸಿ ಕೆತ್ತಿದ್ದು. ವೆಸ್ಟ್ಲಿ ರಿಚರ್ಡ್ಸ್ ಬದಲು ಬರೀ ಡಬ್ಲ್ಯು. ರಿಚರ್ಡ್ಸ್ ಎಂದಿದ್ದರೆ ಹುಷಾರಾಗಬೇಕು. ಮೇಲಿನ ಹೆಸರು ಸುಳ್ಳು ಹೇಳಬಹುದು. ಅಡಿಯ ಮುದ್ರೆ ಸುಳ್ಳು ಹೇಳುವುದು ಅಪರೂಪ, ಏಕೆಂದರೆ ಅದನ್ನು ಒತ್ತುವವನು ಮಾರುವವನಲ್ಲ, ಪರೀಕ್ಷೆ ಮಾಡುವವನು.

ನಳಿಗೆಯ ಅಡಿಯ ಕಟ್ಟಿಗೆಯನ್ನು ಬಿಚ್ಚಿ, ನಳಿಗೆಗಳನ್ನು ಕಳಚಿ, ಬೋರಲು ಹಾಕಿದೆ. ಗೌಡರ ಸೊಸೆ ಹಣತೆಗೆ ಹಾಕುವ ಎಣ್ಣೆ, ಹಳೆ ಧೋತರದ ಚೂರು ತಂದುಕೊಟ್ಟರು. ಎಷ್ಟೋ ವರ್ಷದ ಜಿಡ್ಡು ಬಿಟ್ಟಂತೆಲ್ಲ ಮೊದಲು ಕಂಡಿದ್ದು ಅಕ್ಷರವಲ್ಲ, ನಳಿಗೆಯ ಮೈ. ಅದರ ತುಂಬ ಸಣ್ಣ ಸಣ್ಣ ಸುಳಿಗಳು, ನೀರಿಗೆ ಕಲ್ಲೆಸೆದಾಗ ಏಳುವಂಥವು, ಕಂದು ಮತ್ತು ಬೆಳ್ಳಿ ಬಣ್ಣದಲ್ಲಿ ಒಂದರ ಪಕ್ಕ ಒಂದು. ಡಮಾಸ್ಕಸ್ ನಳಿಗೆ. ಕಬ್ಬಿಣ ಮತ್ತು ಉಕ್ಕಿನ ಸಲಾಕೆಗಳನ್ನು ಹಗ್ಗದಂತೆ ಹೊಸೆದು, ಆ ಹೊಸೆದ ಪಟ್ಟಿಯನ್ನು ಒಂದು ಸರಳಿನ ಸುತ್ತ ಬಿಗಿಯಾಗಿ ಸುತ್ತಿ, ಕಾಯಿಸಿ ಬಡಿದು ಬೆಸೆದು ಮಾಡುವ ನಳಿಗೆ ಅದು. ನಮ್ಮ ಕಡೆ ಹೆಣ್ಣುಮಕ್ಕಳು ಶಾವಿಗೆ ಹೊಸೆಯುವುದನ್ನು ಕಂಡವರಿಗೆ ಆ ಕೆಲಸ ಅಂದಾಜಿಗೆ ಸಿಕ್ಕೀತು. ಒಂದು ನಳಿಗೆಯ ಸುಳಿ ಇನ್ನೊಂದರಂತೆ ಇರುವುದಿಲ್ಲ. ಹಳೆ ಬಂದೂಕನ್ನು ಇಷ್ಟಪಡುವವರು ಇಷ್ಟಪಡುವುದು ಮುಖ್ಯವಾಗಿ ಇದನ್ನೇ. ಇದರಿಂದ ಈಡು ಹಾರಿಸುವುದಕ್ಕಿಂತ ಇದನ್ನು ಬಿಸಿಲಿಗೆ ಹಿಡಿದು ತಿರುಗಿಸುವುದರಲ್ಲೇ ಸುಖ ಹೆಚ್ಚು.

ಹಾರಿಸಲೂ ಬಾರದು. ಈ ನಳಿಗೆಗಳನ್ನು ಪರೀಕ್ಷಿಸಿದ್ದು ಕರಿಮದ್ದಿಗೆ. ಈಗ ಖಡ್ಕಿಯ ಕಾರ್ಖಾನೆಯಿಂದ ಬರುವ ತೋಟಾದಲ್ಲಿರುವುದು ಹೊಗೆಯಿಲ್ಲದ ಮದ್ದು. ಅದರ ಒತ್ತಡದ ರೀತಿಯೇ ಬೇರೆ. ಬೆಸುಗೆಯ ಗೆರೆಯಲ್ಲಿ ಎಲ್ಲೋ ತುಕ್ಕು ಕೂತಿದ್ದರೆ ನಳಿಗೆ ಸೀಳಿ ಎಡಗೈಯ ಬೆರಳು ಹೋಗುತ್ತವೆ. ಹೊಗೆಯಿಲ್ಲದ ಮದ್ದಿನ ಪರೀಕ್ಷೆಗೆ ಇಂಗ್ಲೆಂಡಿನಲ್ಲಿ ಬೇರೆಯೇ ಮುದ್ರೆ ಶುರುವಾದದ್ದು 1896ರಲ್ಲಿ. ಆ ಮುದ್ರೆ ಗೌಡರ ಬಂದೂಕಿನ ಮೇಲೆ ಇರಲಿಲ್ಲ.

ಇದ್ದದ್ದು ಬೇರೆ. ಒಂದು ಕಿರೀಟ, ಅದರ ಕೆಳಗೆ ಕತ್ತರಿಯಂತೆ ದಾಟಿದ ಎರಡು ರಾಜದಂಡಗಳು. ಇದು 1813ರಲ್ಲಿ ಸ್ಥಾಪನೆಯಾದ ಬರ್ಮಿಂಗ್‌ಹ್ಯಾಮ್ ಪರೀಕ್ಷಾಲಯದ ಗುರುತು. ಅದರ ಪಕ್ಕ 12ಬಿ, 14ಎಂ ಎಂಬ ಸಣ್ಣ ಅಂಕಿಗಳು. ಸೀಸದ ಒಂದು ಪೌಂಡಿಗೆ ಹನ್ನೆರಡು ಸಮ ಗುಂಡು ಎರಕ ಹೊಯ್ದರೆ ಒಂದೊಂದೂ ಸುಮಾರು 38 ಗ್ರಾಂ ಬರುತ್ತದೆ. ಆ ಗುಂಡು ಹಿಡಿಸುವ ನಳಿಗೆ ಹನ್ನೆರಡು ಬೋರ್, ಅಗಲ ಹದಿನೆಂಟೂವರೆ ಮಿಲಿಮೀಟರ್. ಬುಡದಲ್ಲಿ ಹನ್ನೆರಡು, ಬಾಯಲ್ಲಿ ಹದಿನಾಲ್ಕು ಎಂದರೆ ತುದಿಗೆ ಹೋದಂತೆ ನಳಿಗೆ ಕಿರಿದಾಗುತ್ತದೆ, ಚರೆ ಚೆದುರದೆ ಒಟ್ಟಾಗಿ ಹೋಗಲೆಂದು. ಹಾಗೆ ಕಿರಿದಾದ ನಳಿಗೆಯಲ್ಲಿ ಒಂಟಿ ಗುಂಡು ಹಾರಿಸಿದರೆ ಅಪಾಯ. ಅದಕ್ಕೇ ಮೂರನೆಯ ಮುದ್ರೆ, ಉಜ್ಜಿ ಉಜ್ಜಿ ಕೊನೆಗೆ ಬಿಟ್ಟುಕೊಂಡದ್ದು: ನಾಟ್ ಫಾರ್ ಬಾಲ್. ಗುಂಡಿಗಲ್ಲ.

ನನಗೆ ಖುಷಿಯೂ ಆಯಿತು, ಕಸಿವಿಸಿಯೂ ಆಯಿತು. ಈ ಮೂರು ಪದಗಳನ್ನು ಬಂದೂಕಿನ ಮೇಲೆ ಒತ್ತಿದ್ದು 1875ರಿಂದ 1887ರವರೆಗೆ ಮಾತ್ರ. ಆಮೇಲೆ ಅದರ ಜಾಗದಲ್ಲಿ ಚೋಕ್ ಎಂಬ ಪದ ಬಂತು. ಅಂದರೆ ಬಾಬಾಸಾಹೇಬರನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿ ಕಡಿಮೆಯೆಂದರೂ ಹದಿನೇಳು ವರ್ಷಗಳಾದ ಮೇಲೆ ಈ ಬಂದೂಕು ಹುಟ್ಟಿದೆ.

ಹೇಳಿದೆ. ಹೇಳದೆ ಇರಬಹುದಿತ್ತೇನೋ. ಗೌಡರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಹಂಗಾದ್ರ ನಮ್ಮಜ್ಜ ಸುಳ್ಳ ಹೇಳಿದ್ನೇನ್ರೀ?"

ಈ ಪ್ರಶ್ನೆಗೆ ಉತ್ತರ ನಳಿಗೆಯ ಮೇಲೆ ಇಲ್ಲ. ಅದಕ್ಕೆ ಈ ನೆಲದಲ್ಲಿ 1858ರ ಬಂದೂಕುಗಳು ಏನಾದವು ಎಂದು ನೋಡಬೇಕು.

ಈ ಸೀಮೆಗೆ ಬಂದೂಕು, ತೋಪು ಹೊಸವಲ್ಲ. 1785ರಲ್ಲಿ ಟಿಪ್ಪುವಿನ ಸೈನ್ಯ ನರಗುಂದದ ಗುಡ್ಡಕ್ಕೆ ಮುತ್ತಿಗೆ ಹಾಕಿ ವೆಂಕಟರಾವ್ ಭಾವೆಯಿಂದ ಕೋಟೆ ಕಸಿದುಕೊಂಡಿತು. ಮರುವರ್ಷ ಮರಾಠರು ಗಜೇಂದ್ರಗಡದ ಕೋಟೆ ಹಿಡಿದರು. 1787ರಲ್ಲಿ ಅದೇ ಗಜೇಂದ್ರಗಡದ ಹೆಸರಿನ ಒಪ್ಪಂದದಿಂದ ಆ ಯುದ್ಧ ಮುಗಿಯಿತು. ಟಿಪ್ಪುವಿನ ಕಾರ್ಖಾನೆಯ ಬಂದೂಕುಗಳನ್ನು ಗುರುತಿಸುವುದು ಸುಲಭ: ಲೋಹದ ಮೇಲೆ ಹುಲಿಯ ಪಟ್ಟೆ, ಹೈದರಿ ಎಂಬ ಮುದ್ರೆ, ಮೌಲೂದಿ ಶಕೆಯ ಇಸವಿ. ಅಂಥವು ಈಗ ಲಂಡನ್ನಿನ ಹರಾಜುಗಳಲ್ಲಿ ಕಾಣುತ್ತವೆ, 2015ರಲ್ಲೂ ಒಂದು ದೊಡ್ಡ ಸಂಗ್ರಹ ಹರಾಜಾಯಿತು. ರೋಣದ ವಾಡೆಗಳಲ್ಲಿ ನಾನು ಒಂದನ್ನೂ ಕಂಡಿಲ್ಲ. ಒಳ್ಳೆಯ ಆಯುಧ ಗೆದ್ದವರ ಹಿಂದೆ ಹೋಗುತ್ತದೆ.

ಸಾಮಾನ್ಯರ ಕೈಯಲ್ಲಿ ಇದ್ದದ್ದು ಜಾಮಗಿ ಬಂದೂಕು. ಜಾಮಗಿ ಎಂದರೆ ಕೆಂಡ ಹಿಡಿದು ನಿಧಾನವಾಗಿ ಉರಿಯುವ ಹುರಿ. ಆಳೆತ್ತರದ ಹತ್ತಿರ ಬರುವ ನಳಿಗೆ, ಸಪೂರ ಕಟ್ಟಿಗೆಯ ಹಿಡಿ, ನಳಿಗೆಯನ್ನು ಕಟ್ಟಿಗೆಗೆ ಬಿಗಿದ ಚರ್ಮದ ಅಥವಾ ಹಿತ್ತಾಳೆಯ ಪಟ್ಟಿ, ಬುಡದ ಪಕ್ಕದಲ್ಲಿ ರಂಜಕ ಹಾಕುವ ಪುಟ್ಟ ಬಟ್ಟಲು. ಸೀಮೆಯ ಕಮ್ಮಾರರೇ ಮಾಡಬಲ್ಲ, ರಿಪೇರಿ ಮಾಡಬಲ್ಲ ಸರಳ ವಸ್ತು. ಇದರ ಮೇಲೆ ಪರೀಕ್ಷಾಲಯದ ಮುದ್ರೆ ಹುಡುಕಬೇಡಿ. ಚಕಮಕಿ ಕಲ್ಲಿನ ಬಂದೂಕುಗಳೂ ಇದ್ದವು. ಕಂಪನಿಯ ದಂಡಿನಿಂದ ಹೊರಬಿದ್ದವುಗಳ ಕೀಲಿನ ಮೇಲೆ ಹೃದಯದ ಆಕಾರದ ಗುರುತು ಇದ್ದರೆ 1808ರ ಸುಮಾರಿಗಿಂತ ಹಿಂದಿನದು, ಎದ್ದು ನಿಂತ ಸಿಂಹ ಕಿರೀಟ ಹಿಡಿದಿದ್ದರೆ ಅದರ ನಂತರದ್ದು. ಕುದುರೆ ಬಡಿದರೆ ಸಿಡಿಯುವ ಕೇಪು 1830-40ರ ದಶಕಗಳಲ್ಲಿ ಬಳಕೆಗೆ ಬಂತು. ಬಾಬಾಸಾಹೇಬರ ದಂಡಿನಲ್ಲಿದ್ದ ಬಂದೂಕು ಎಂದು ಯಾರಾದರೂ ತೋರಿಸಿದರೆ ಅದು ಈ ಮೂರರಲ್ಲಿ ಒಂದಾಗಿರಬೇಕು, ಬಾಯಿಂದ ಮದ್ದು ತುಂಬುವಂಥದ್ದಾಗಿರಬೇಕು. ಮಧ್ಯದಲ್ಲಿ ಮಡಿಚಿ ತೋಟಾ ಹಾಕುವಂಥದ್ದು ಆಗ ವಿಲಾಯತಿಯಲ್ಲೇ ಶ್ರೀಮಂತರ ಹೊಸ ಶೋಕಿ.

1857ರ ಸೆಪ್ಟೆಂಬರಿನಲ್ಲಿ ಕಂಪನಿ ಸರಕಾರ ಆ ವರ್ಷದ 28ನೇ ಕಾಯಿದೆಯನ್ನು ತಂದಿತು. ನಮ್ಮ ಕಡೆ ಅದು ನಿಶ್ಶಸ್ತ್ರೀಕರಣ ಕಾಯಿದೆ ಎಂದೇ ಹೆಸರಾಗಿದೆ. ಅದರ ಮೊದಲ ದೊಡ್ಡ ಪೆಟ್ಟು ಬಿದ್ದದ್ದು ನರಗುಂದದಿಂದ ಉತ್ತರಕ್ಕೆ, ಮುಧೋಳ ಸಂಸ್ಥಾನದ ಹಲಗಲಿಗೆ. ಬೇಟೆಯಿಂದಲೇ ಬದುಕುವ ಬೇಡರಿಗೆ ಆಯುಧ ಒಪ್ಪಿಸಿ ಎಂದರೆ ಒಕ್ಕಲಿಗನಿಗೆ ನೇಗಿಲು ಒಪ್ಪಿಸು ಎಂದಂತೆ. ಅವರು ಕೊಡಲಿಲ್ಲ. ನವೆಂಬರ್ ಕೊನೆಗೆ ಊರಿಗೆ ದಂಡು ನುಗ್ಗಿ ಬೆಂಕಿ ಹಚ್ಚಿತು. ಡಿಸೆಂಬರ್ 11ರಂದು ಮುಧೋಳದಲ್ಲಿ 13 ಮಂದಿಯನ್ನು, 14ರಂದು ಹಲಗಲಿಯಲ್ಲೇ 6 ಮಂದಿಯನ್ನು ಗಲ್ಲಿಗೇರಿಸಿದರು. ಕುರ್ತಕೋಟಿ ಕಲ್ಮೇಶನ ಲಾವಣಿಯನ್ನು ಶಾಲೆಯಲ್ಲಿ ಓದಿದವರಿಗೆ ಈ ಕಥೆ ಗೊತ್ತು. ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿ, ಶಾಸನಗಳ ಪಂಡಿತ, ಆ ಲಾವಣಿಯನ್ನು ಸಂಗ್ರಹಿಸಿ 1880ರ ದಶಕದಲ್ಲೇ ಅಚ್ಚು ಹಾಕಿಸಿದ. ಆಯುಧ ಕಸಿದವರ ಕಡೆಯವನೇ ಹಾಡನ್ನು ಉಳಿಸಿದ್ದು ಒಂದು ವಿಚಿತ್ರ.

ನರಗುಂದದ ಕಥೆ ಆರು ತಿಂಗಳ ನಂತರದ್ದು. ಭಾಸ್ಕರರಾವ್ ಭಾವೆ, ಜನರ ಬಾಯಲ್ಲಿ ಬಾಬಾಸಾಹೇಬ, ಮಕ್ಕಳಿಲ್ಲದವನು. ದತ್ತು ತೆಗೆದುಕೊಳ್ಳಲು ಸರಕಾರ ಒಪ್ಪಲಿಲ್ಲ. ಅದರ ಮೇಲೆ ಗುಡ್ಡದ ಮೇಲಿನ ತೋಪು, ಮದ್ದು ಒಪ್ಪಿಸಬೇಕೆಂಬ ಒತ್ತಾಯ. ಅವನದು ಆಯುಧಗಳ ಹುಚ್ಚಿನ ಮನೆಯಲ್ಲ. ಸಾವಿರಾರು ಸಂಸ್ಕೃತ ಗ್ರಂಥಗಳನ್ನು ಕೂಡಿಟ್ಟಿದ್ದ ಓದುಗನ ಮನೆ. ಆ ಮೇ ತಿಂಗಳಲ್ಲಿ ಈಚೆ ಮುಂಡರಗಿ ಭೀಮರಾಯ ಮತ್ತು ಹಮ್ಮಿಗಿಯ ಕೆಂಚನಗೌಡ ಎದ್ದರು. ಡಂಬಳದ ಖಜಾನೆ ಲೂಟಿಯಾಯಿತು, ಕೊಪ್ಪಳದ ಕೋಟೆ ಅವರ ವಶವಾಯಿತು. ಹಮ್ಮಿಗಿಯ ಕಿಡಿ ಹೊತ್ತಿದ್ದೂ ಬಚ್ಚಿಟ್ಟಿದ್ದ ಆಯುಧಗಳ ವಿಷಯದಲ್ಲೇ ಎಂಬುದನ್ನು ಇಲ್ಲಿ ನೆನೆಯಬೇಕು. ಮೇ 29ರ ರಾತ್ರಿ ರಾಮದುರ್ಗದ ಹತ್ತಿರದ ಸುರೇಬಾನದಲ್ಲಿ ತಂಗಿದ್ದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಬಾಬಾಸಾಹೇಬನ ಮಂದಿ ಕೊಂದು ತಲೆಯನ್ನು ನರಗುಂದಕ್ಕೆ ತಂದರು. ಅದನ್ನು ತೂಗುಹಾಕಿದ ಜಾಗ ಎಂದು ಕೆಂಪಗಸಿಯನ್ನು ಊರವರು ಈಗಲೂ ತೋರಿಸುತ್ತಾರೆ. ಮುಂದಿನದೆಲ್ಲ ಎರಡು ವಾರದಲ್ಲಿ ಮುಗಿಯಿತು. ಜೂನ್ ಮೊದಲ ದಿನಗಳಲ್ಲೇ ಕೊಪ್ಪಳದಲ್ಲಿ ಭೀಮರಾಯ ಬಿದ್ದ, ನರಗುಂದ ಕೈಬಿಟ್ಟಿತು. ಬಾಬಾಸಾಹೇಬ ಸಿಕ್ಕಿಬಿದ್ದು ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿದ. ಅವನ ತಾಯಿ ಮತ್ತು ಹೆಂಡತಿ ಮಲಪ್ರಭೆಯಲ್ಲಿ ಪ್ರಾಣ ಬಿಟ್ಟರು.

ಇಂಥ ಜೂನ್ ಕಳೆದ ಮೇಲೆ, ಗುಡ್ಡದಿಂದ ಓಡಿ ಬಂದವನ ಮನೆಯಲ್ಲಿ ಬಂದೂಕು ಉಳಿಯುತ್ತದೆಯೇ? ಒಪ್ಪಿಸಬೇಕು, ಇಲ್ಲವೇ ಬಾವಿಗೆ ಎಸೆಯಬೇಕು, ಹಗೇವಿನಲ್ಲಿ ಹೂಳಬೇಕು, ಕಮ್ಮಾರನಿಗೆ ಕೊಟ್ಟು ಕುಳ ಮಾಡಿಸಬೇಕು. ಮನೆಯಲ್ಲಿ ಅದು ಸಿಕ್ಕರೆ ಅದೇ ಸಾಕ್ಷಿ. ನಾನು ಈ ಸೀಮೆಯಲ್ಲಿ ಕಂಡ ಹಳೆಯ ಬಂದೂಕುಗಳಲ್ಲಿ ಬಹುಪಾಲು 1870ರ ನಂತರದವೇ ಆಗಿರುವುದು ನನಗೆ ಆಕಸ್ಮಿಕ ಅನ್ನಿಸುವುದಿಲ್ಲ. ಕೊಡಗಿನ ಜೊತೆ ಹೋಲಿಸಿ ನೋಡಿ. ಅಲ್ಲಿಯ ಜನರಿಗೆ ಕಮಿಷನರ್ ಮಾರ್ಕ್ ಕಬ್ಬನ್ 1861ರಲ್ಲಿ ವಿನಾಯಿತಿ ಕೊಟ್ಟ. ಅದು ಇವತ್ತಿನ ಕಾಯಿದೆಯಲ್ಲೂ ಮುಂದುವರಿದು ಈಗ 2029ರವರೆಗೆ ಇದೆ. ಅಲ್ಲಿ ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿಗೆ ತೋಕೆಪೂವಿನ ಅಲಂಕಾರ. ಅಲ್ಲಿಯ ಮನೆತನದ ಕೋವಿ ಮನೆಯಲ್ಲೇ ಹಳತಾಯಿತು. ಇಲ್ಲಿ ಹಾಗಾಗಲಿಲ್ಲ.

1878ರ ಆಯುಧ ಕಾಯಿದೆ ಬಂದಾಗ ಬಂದೂಕು ಇಟ್ಟುಕೊಳ್ಳಲು ಲೈಸನ್ಸ್ ಬೇಕಾಯಿತು. ಯುರೋಪಿಯನ್ನರಿಗೆ ಬೇಡ, ನಮ್ಮವರಿಗೆ ಬೇಕು. ಯಾರಿಗೆ ಸಿಗುತ್ತಿತ್ತು? ಸಾಹೇಬರ ನಂಬಿಕೆ ಗಳಿಸಿದ ವತನದಾರರಿಗೆ, ದೇಸಾಯರಿಗೆ, ಇನಾಮದಾರರಿಗೆ. ಗೌಡರ ಬಂದೂಕು ನಿಜವಾಗಿ ಹೇಳಬಹುದಾದ ಕಥೆ ಅಜ್ಜ ಹೇಳಿದ್ದಕ್ಕೆ ತೀರ ತಿರುವುಮುರುವು ಆಗುವ ಸಾಧ್ಯತೆ ಇಲ್ಲಿದೆ. ಬಂಡೆದ್ದ ಮನೆಯ ಆಯುಧವಲ್ಲ, ಸರಕಾರ ನಂಬಿದ ಮನೆಯ ಆಯುಧ. ಇದನ್ನು ನಾನು ಅವರ ಮುಂದೆ ಹೇಳಲಿಲ್ಲ. ಹೇಳದಿರಲು ಸಂಕೋಚವೊಂದೇ ಕಾರಣವಲ್ಲ. ಮುದ್ರೆ ತಿಳಿಸುವುದು ಬಂದೂಕು ಎಂದು ಹುಟ್ಟಿತು ಎಂಬುದನ್ನು, ಎಂದು ಈ ಮನೆಗೆ ಬಂತು ಎಂಬುದನ್ನಲ್ಲ. ಗೌಡರ ಹತ್ತಿರ ಇರುವ ಅತಿ ಹಳೆಯ ಲೈಸನ್ಸ್ ಕಾಗದ ಅವರ ತಂದೆಯ ಹೆಸರಿನದು. ಯಾವುದೋ ಸಾಹೇಬ ಊರು ಬಿಡುವಾಗ ಮಾರಿದ್ದನ್ನು ಮೂರನೆಯ ಕೈಯಿಂದ ಕೊಂಡಿರಲೂಬಹುದು.

ಅಜ್ಜ ಸುಳ್ಳು ಹೇಳಿದನೆಂದು ನನಗೆ ಅನ್ನಿಸುವುದಿಲ್ಲ. ಮುತ್ತಜ್ಜ ಗುಡ್ಡದಿಂದ ತಂದ ಬಂದೂಕು ಒಂದು ಇದ್ದಿರಬಹುದು. ಅದನ್ನು ಕಳೆದುಕೊಳ್ಳಬೇಕಾಯಿತು, ಅದರ ಕಥೆ ಗೂಟಕ್ಕೆ ತೂಗಿಬಿದ್ದೇ ಇತ್ತು. ಮುಂದೆ ಅದೇ ಗೂಟಕ್ಕೆ ಇನ್ನೊಂದು ಬಂದೂಕು ಬಂದಾಗ ಕಥೆ ಅದಕ್ಕೆ ಅಂಟಿಕೊಂಡಿತು. ಇದು ನನ್ನ ಊಹೆ. ಆದರೆ ಹೊಸ ಮೂರ್ತಿಗೆ ಹಳೆಯ ದೇವರ ಮಹಿಮೆ ಹತ್ತುವುದನ್ನು ನಾವು ಪ್ರತಿ ಊರಿನಲ್ಲೂ ಕಾಣುತ್ತೇವೆ, ಅಲ್ಲಿ ಯಾರೂ ಯಾರನ್ನೂ ಸುಳ್ಳುಗಾರ ಎನ್ನುವುದಿಲ್ಲ. ಗೌಡರಿಗೆ ಇಷ್ಟು ಹೇಳಿದೆ: "ನಿಮ್ಮಜ್ಜ ಹೇಳಿದ್ದು ಬ್ಯಾರೆ ಬಂದೂಕಿನ ಸುದ್ದಿ ಇರಬೇಕ್ರಿ ಗೌಡ್ರ. ಆ ಬಂದೂಕು ಮನಿಯಾಗ ಉಳಿಲಿಲ್ಲ, ಸುದ್ದಿ ಉಳೀತು."

ಅವರ ಚಿಂತೆ ಅಷ್ಟರಲ್ಲಿ ಬೇರೆ ಕಡೆ ಹೋಗಿತ್ತು. ಅವರಿಗೆ ಎಂಬತ್ತು ದಾಟಿದೆ. ಮಗ ಪುಣೆಯಲ್ಲಿ, ಅವನಿಗೆ ಈ ಬಂದೂಕು ಬೇಡ. ವಂಶಪಾರಂಪರ್ಯದ ಆಯುಧಕ್ಕೂ ವಾರಸುದಾರನ ಹೆಸರಿನಲ್ಲಿ ಲೈಸನ್ಸ್ ಆಗಬೇಕು. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಆಯುಧ. 1959ರ ಕಾಯಿದೆಯಲ್ಲಿ ಪುರಾತನ ವಸ್ತುವಿಗೆ ಒಂದು ವಿನಾಯಿತಿ ಇದೆ, ಆದರೆ ಅದು ರಿಪೇರಿ ಮಾಡಿದರೂ ಹಾರಲಾರದ ಬಂದೂಕಿಗೆ. ಇದರ ಕೀಲು ಇನ್ನೂ ಗಟ್ಟಿ. ಪ್ರತಿ ಚುನಾವಣೆಗೆ ಗೌಡರು ಇದನ್ನು ಗೋಣಿತಾಟಿನಲ್ಲಿ ಸುತ್ತಿ ಠಾಣೆಗೆ ಒಪ್ಪಿಸಿ, ಫಲಿತಾಂಶವಾದ ಮೇಲೆ ವಾಪಸು ತರುತ್ತಾರೆ. ಒಮ್ಮೆ ಬಂದಾಗ ಕುದುರೆಯೊಂದು ಬಾಗಿತ್ತಂತೆ. ಯಾರ ಹೆಸರಿನಲ್ಲೂ ಆಗದೆ ಉಳಿದ ಬಂದೂಕು ಕೊನೆಗೆ ಸರಕಾರಕ್ಕೆ ಸೇರುತ್ತದೆ. ಅದು ಡಮಾಸ್ಕಸ್ ನಳಿಗೆಯೋ ನೀರಿನ ಪೈಪೋ ಎಂದು ನೋಡುವ ವ್ಯವಸ್ಥೆ ಅಲ್ಲಿರುವುದಿಲ್ಲ. ವಸ್ತುಸಂಗ್ರಹಾಲಯಕ್ಕೆ ಕೊಡಬಹುದಲ್ಲ ಎಂದು ನಾನೂ ಹೇಳುವವನಿದ್ದೆ. ಅದರ ಅರ್ಜಿ ಹಿಡಿದು ಓಡಾಡುವವರು ಯಾರು ಎಂಬ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ.

ಹಾಗಾಗಿ ಕೈಲಾದ ಕೆಲಸ ಮಾಡಿದೆವು. ಗೌಡರ ಮೊಮ್ಮಗಳು ತನ್ನ ಕಂಪಾಸಿನಿಂದ ಪೆನ್ಸಿಲ್ ತಂದಳು. ನಾವು ಚಿಕ್ಕಂದಿನಲ್ಲಿ ನಾಣ್ಯದ ಮೇಲೆ ಕಾಗದ ಇಟ್ಟು ಉಜ್ಜುತ್ತಿದ್ದೆವಲ್ಲ, ಹಾಗೆ ನಳಿಗೆಯ ಅಡಿಯ ಮುದ್ರೆಗಳ ಮೇಲೆ ತೆಳ್ಳನೆಯ ಕಾಗದ ಇಟ್ಟು ಉಜ್ಜಿದೆವು. ಕಿರೀಟ ಬಂತು, ದಂಡಗಳು ಬಂದವು, 12ಬಿ ಬಂತು. ನಾಟ್ ಫಾರ್ ಬಾಲ್ ಮೂರನೆಯ ಸಲಕ್ಕೆ ಸರಿಯಾಗಿ ಮೂಡಿತು. ಆ ಹುಡುಗಿಗೆ ಅದನ್ನು ಓದಿ ಬಹಳ ನಗು ಬಂತು. ಬಂದೂಕಿನ ಮೇಲೆ ಗುಂಡಿಗಲ್ಲ ಎಂದು ಬರೆದರೆ ಮತ್ತೆ ಯಾತಕ್ಕೆ ಎಂದು. ಕಾಗದದ ಕೆಳಗೆ ನಾನು ಬರ್ಮಿಂಗ್‌ಹ್ಯಾಮ್, 1875-87, ಹನ್ನೆರಡು ಬೋರ್, ಕರಿಮದ್ದಿಗೆ ಮಾತ್ರ, ಹಾರಿಸಬಾರದು ಎಂದು ಬರೆದೆ.

ಗೌಡರು ಚಾಳೀಸು ಏರಿಸಿ ಎಲ್ಲವನ್ನೂ ಓದಿದರು. ಆಮೇಲೆ ಕಾಗದ ನನಗೇ ವಾಪಸು ಕೊಟ್ಟರು.

"ಬಾಜೂಕ ಬಾಬಾಸಾಹೇಬ್ರ ಹೆಸರೂ ಬರೀರಿ. ನಮ್ಮಜ್ಜ ಹಂಗ ಹೇಳತಿದ್ದ ಅಂತ ಬರೀರಿ."

ಬರೆದೆ.